ಗ್ಯಾರೆತ್ ಗ್ವೆನ್ಲನ್ ಊರಲ್ಲಿ ಮಳೆ, ಡಬ್ಬಿಯಲ್ಲಿ ಬೇರೆ ಡಿವಿಡಿ

ಇದು ಬ್ರೆಕನ್. ವೇಲ್ಸ್‌ನ ಪುಟ್ಟ ಊರು. ಕ್ಯಾಮೆರಾದಲ್ಲಿ ನನ್ನ ಹಿಂದೆ ಬೂದು ಬಣ್ಣ ಕಾಣುತ್ತಿದೆಯಲ್ಲ, ಅದರೊಳಗೆ ದಕ್ಷಿಣ ಬ್ರಿಟನ್ನಿನ ಅತಿ ಎತ್ತರದ ಬೆಟ್ಟ ಇದೆ. 886 ಮೀಟರ್. ಕಾಣಿಸುತ್ತಿಲ್ಲ, ನನ್ನ ಮಾತು ನಂಬಿ.

ಇಲ್ಲಿಗೆ ರೈಲಿಲ್ಲ. 1962ರಲ್ಲೇ ನಿಂತುಹೋಯಿತು. ಕಾರ್ಡಿಫ್‌ನಿಂದ ಬಸ್ಸಲ್ಲಿ ಬಂದೆ. ಬೆಟ್ಟ ಹತ್ತುವುದಕ್ಕಾ ಅಂತ ಕೇಳಬೇಡಿ, ಖಂಡಿತ ಅಲ್ಲ. ಗ್ಯಾರೆತ್ ಗ್ವೆನ್ಲನ್ ಅನ್ನುವವರು 1937ರಲ್ಲಿ ಹುಟ್ಟಿದ ಊರು ಇದು. ಬ್ರಿಟನ್ನಿನ ಬಿಬಿಸಿ ಟಿವಿಯಲ್ಲಿ ಕಾಮಿಡಿ ನಿರ್ದೇಶಕರು, ನಿರ್ಮಾಪಕರು. ಹೆಸರು ಕೇಳಿರಲ್ಲ ಬಿಡಿ. ಅವರು ಮಾಡಿದ್ದನ್ನು ನೋಡಿ ನಕ್ಕವರು ಕೋಟಿಗಟ್ಟಲೆ, ಹೆಸರು ಗೊತ್ತಿರುವವರು ಕಡಿಮೆ.

ಈ ಪಬ್ ನೋಡಿ. ಸಾರಾ ಸಿಡನ್ಸ್ ಅನ್ನುವ ದೊಡ್ಡ ರಂಗನಟಿ 1755ರಲ್ಲಿ ಹುಟ್ಟಿದ್ದು ಇಲ್ಲೇ, ಪಬ್ಬಿಗೇ ಅವಳ ಹೆಸರು. ನಟಿಗೆ ಪಬ್ ಸಿಕ್ಕಿತು. ನಮ್ಮ ನಿರ್ದೇಶಕರ ಹೆಸರು ಹುಡುಕುತ್ತಾ ಊರೆಲ್ಲ ನಡೆದೆ, ನನ್ನ ಕಣ್ಣಿಗೆ ಏನೂ ಬೀಳಲಿಲ್ಲ.

ಸರಿ, ಕೆಲಸಕ್ಕೆ ಬರೋಣ. 1976ರಲ್ಲಿ ಶುರುವಾದ ರೆಜಿನಾಲ್ಡ್ ಪೆರಿನ್ ಸರಣಿ. ಅದನ್ನು ನಿರ್ದೇಶಿಸಿದವರಲ್ಲಿ ಇವರೊಬ್ಬರು. ಸಿಹಿತಿಂಡಿ ಕಂಪನಿಯಲ್ಲಿ ಕೆಲಸ ಮಾಡುವ ಒಬ್ಬ ನಡುವಯಸ್ಸಿನವನು. ದಿನಾ ರೈಲು 11 ನಿಮಿಷ ಲೇಟು, ದಿನಾ ಹೊಸ ಕಾರಣ. ಬೇಸರ ತಡೆಯಲಾರದೆ ಬಟ್ಟೆಯನ್ನು ಸಮುದ್ರದ ದಡದಲ್ಲಿ ಬಿಟ್ಟು, ಸತ್ತಂತೆ ನಾಟಕ ಆಡುತ್ತಾನೆ. ಅವನ ಮುಂದೆ ಅತ್ತೆಯ ಮಾತು ಬಂದರೆ ಸಾಕು, ತೆರೆಯ ಮೇಲೆ ನೀರಾನೆಯೊಂದು ದಡಬಡ ಓಡುತ್ತದೆ. ಅಷ್ಟೇ ಜೋಕು. ಅತ್ತೆ ಜೋಕು ಅಂದರೆ ನನಗೆ ಆಗಲ್ಲ, ಹಳಸಲು. ಆದರೆ ಆ ನೀರಾನೆ ಬರುವ ಟೈಮಿಂಗ್ ಇದೆಯಲ್ಲ! ಅರ್ಧ ಸೆಕೆಂಡ್ ತಡವಾದರೂ ನಗು ಸತ್ತುಹೋಗುತ್ತದೆ.

ಇದನ್ನೆಲ್ಲ ಸರಿಯಾಗಿ ನೋಡೋಣ ಅಂತ ಜನ ದಾನ ಕೊಟ್ಟ ಹಳೆ ಸಾಮಾನು ಮಾರುವ ಒಂದು ಚಾರಿಟಿ ಅಂಗಡಿಯಲ್ಲಿ ಅದರ ಡಿವಿಡಿ ಸೆಟ್ ತೆಗೆದುಕೊಂಡೆ. ಮೂರು ಪೌಂಡ್. ಭಾರೀ ಲಾಭ ಅಂದುಕೊಂಡು ಮನೆಗೆ ಬಂದರೆ ಲ್ಯಾಪ್‌ಟಾಪಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಈಗಿನ ಯಾವುದರಲ್ಲಿ ಇದೆ ಹೇಳಿ? ಡ್ರೈವ್ ಬೇರೆ ಕೊಳ್ಳಬೇಕು, 28 ಪೌಂಡ್! ಕೊಂಡೆ. ಮೊದಲ ಡಿಸ್ಕ್ ಚೆನ್ನಾಗಿ ಓಡಿತು. ಎರಡನೆಯದು ಹಾಕಿದರೆ ಮಿರಮಿರ ಮಿಂಚುವ ಬಟ್ಟೆ ಹಾಕಿದ ಹೆಂಗಸೊಬ್ಬಳು ಬಂದು, ಹೊಟ್ಟೆ ಒಳಗೆ ಎಳೆದುಕೊಳ್ಳಿ ಅಂತಾಳೆ! ವ್ಯಾಯಾಮದ ಡಿವಿಡಿ. ಇದೂ ಜೋಕಿನ ಭಾಗ ಇರಬೇಕು ಅಂತ ಸ್ವಲ್ಪ ಹೊತ್ತು ಕಾದೆ. ಯಾರೂ ನಗಲಿಲ್ಲ. ಅವಳು ಮಾತ್ರ ನಗುತ್ತಲೇ ಇದ್ದಳು. ವಾಪಸ್ ಒಯ್ದರೆ ಕೌಂಟರಿನ ಅಜ್ಜಿ, "ನಾವು ಒಳಗೆ ತೆಗೆದು ನೋಡುವುದಿಲ್ಲ ಡಿಯರ್" ಅಂದರು. ದುಡ್ಡು ವಾಪಸ್ ಇಲ್ಲ. ಮೂರು ಪೌಂಡ್ ಹೋಗಲಿ, ಆ ಡ್ರೈವ್ ಈಗ ಏನು ಮಾಡಲಿ? ಯಾರಿಗಾದರೂ ಬೇಕಾದರೆ ಹೇಳಿ, ವ್ಯಾಯಾಮ ಫ್ರೀ.

ಎಲ್ಲಿದ್ದೆ? ಹಾಂ, ಕೆಲಸ. ಆಗಿನ ಲಂಡನ್ ಸಿಟ್‌ಕಾಮ್, ಅಂದರೆ ಟಿವಿಯ ಹಾಸ್ಯ ಧಾರಾವಾಹಿ, ಹೇಗೆ ಮಾಡುತ್ತಿದ್ದರು ಗೊತ್ತಾ? ಹೊರಗಿನ ದೃಶ್ಯ ಮೊದಲೇ ಫಿಲ್ಮಲ್ಲಿ ತೆಗೆದಿಡುವುದು. ಆಮೇಲೆ ಕೆಲವು ದಿನ ರಿಹರ್ಸಲ್. ಕೊನೆಗೆ ಒಂದು ಸಂಜೆ ಸ್ಟುಡಿಯೋದಲ್ಲಿ ಜನರನ್ನು ಕೂರಿಸಿ, ನಾಲ್ಕೈದು ಕ್ಯಾಮೆರಾ ಇಟ್ಟು ರೆಕಾರ್ಡಿಂಗ್. ನಿರ್ದೇಶಕರು ಗ್ಯಾಲರಿಯಲ್ಲಿ, ಅಂದರೆ ಎಲ್ಲ ಕ್ಯಾಮೆರಾದ ಚಿತ್ರ ಕಾಣುವ ಕಂಟ್ರೋಲ್ ರೂಮಲ್ಲಿ ಕೂತು ಈಗ ಇವನು, ಈಗ ಅವಳು ಅಂತ ಶಾಟ್ ಹೇಳುತ್ತಿರಬೇಕು. ಜನ ನಕ್ಕು ಮುಗಿಸುವವರೆಗೆ ನಟ ಕಾಯಬೇಕು, ಆ ಹೊತ್ತಿಗೆ ಸರಿಯಾದ ಮುಖದ ಮೇಲೆ ಕ್ಯಾಮೆರಾ ಇರಬೇಕು. ತಾಳ ತಪ್ಪಿದ ಮೃದಂಗದ ಹಾಗೆ, ತಪ್ಪಿದರೆ ಎಲ್ಲರಿಗೂ ಗೊತ್ತಾಗುತ್ತದೆ, ಸರಿ ಇದ್ದರೆ ಯಾರೂ ಹೊಗಳಲ್ಲ.

ಇದು ಕಾಲುವೆ. ಚೆನ್ನಾಗಿದೆ ಅಲ್ವಾ? ಬಾತುಕೋಳಿ ಮಾತ್ರ ಜಗಳಗಂಟಿ.

1979ರಲ್ಲಿ ಗ್ವೆನ್ಲನ್ ಅವರದೇ ಟು ದ ಮ್ಯಾನರ್ ಬಾರ್ನ್. ಸಾಲದಿಂದ ಬಂಗಲೆ ಕಳೆದುಕೊಂಡ ಶ್ರೀಮಂತ ವಿಧವೆ, ಅದನ್ನು ಕೊಂಡ ಸೂಪರ್‌ಮಾರ್ಕೆಟ್ ಸಾಹುಕಾರ. ಆಕೆ ಹತ್ತಿರದ ಪುಟ್ಟ ಮನೆಯಲ್ಲಿದ್ದುಕೊಂಡು ದುರ್ಬೀನು ಹಾಕಿ ಅವನನ್ನು ನೋಡುತ್ತಾಳೆ. ಮೊದಲ ಸರಣಿಯ ಕೊನೆಯ ಕಂತನ್ನು ನೋಡಿದವರು ಸುಮಾರು 2.4 ಕೋಟಿ ಜನ! ನನಗೆ ಬೋರ್ ಆಯಿತು. ಹಣವಂತರ ಮುನಿಸು ನನಗ್ಯಾಕೆ? ಆದರೆ ಆ ವಿಧವೆಯಾಗಿ ಪೆನೆಲೋಪಿ ಕೀತ್ ಬಾಗಿಲು ತೆಗೆದು ಬರುವ ರೀತಿ ಇದೆಯಲ್ಲ, ಅದಕ್ಕೋಸ್ಕರ ಇನ್ನೊಂದು ಕಂತು ನೋಡಿದೆ. ಆಮೇಲೆ ಇನ್ನೊಂದು. ಸರಿ, ಬೋರ್ ಅಂದದ್ದು ವಾಪಸ್.

ಇವರದೇ ಇನ್ನೊಂದು ಸರಣಿ ಬಟರ್‌ಫ್ಲೈಸ್ ಮಾತ್ರ ಮೊದಲಿಂದಲೂ ಇಷ್ಟ. ಅಡುಗೆ ಬಾರದ, ಬೇಸರ ಹಿಡಿದ ಒಬ್ಬ ಗೃಹಿಣಿ. ನಗುವಿನೊಳಗೆ ನಿಜವಾದ ದುಃಖ ಇದೆ, 1978ರಲ್ಲಿ ಇದಕ್ಕೆ ಧೈರ್ಯ ಬೇಕು. ಬರೆದದ್ದು ಕಾರ್ಲಾ ಲೇನ್. ಅದರಲ್ಲಿ ಕಿರಿಯ ಮಗನಾಗಿದ್ದ ನಿಕೋಲಸ್ ಲಿಂಡ್‌ಹರ್ಸ್ಟ್, ಆಮೇಲೆ ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್ ಅನ್ನುವ ಸಿಟ್‌ಕಾಮಿನಲ್ಲಿ ಡೆಲ್ ಅನ್ನುವವನ ತಮ್ಮ ರಾಡ್ನಿ.

ಗ್ವೆನ್ಲನ್ 1983ರಿಂದ 1990ರವರೆಗೆ ಬಿಬಿಸಿ ಕಾಮಿಡಿಯ ಮುಖ್ಯಸ್ಥರು. ಆ ಕುರ್ಚಿಯಲ್ಲಿ ಕೂತವರು ಫೈಲು ನೋಡಿಕೊಂಡು ಸುಮ್ನೆ ಇರಬಹುದಿತ್ತು. ಇವರು 1988ರಲ್ಲಿ ಓನ್ಲಿ ಫೂಲ್ಸ್ ನಿರ್ಮಾಪಕರೂ ಆದರು. ಮರುವರ್ಷ ಅರ್ಧ ಗಂಟೆಯ ಕಂತುಗಳು 50 ನಿಮಿಷ ಆದವು. ಬಾರಿನಲ್ಲಿ ಒರಗಲು ಹೋಗಿ ಡೆಲ್ ಪಕ್ಕಕ್ಕೆ ದೊಪ್ಪನೆ ಬೀಳುತ್ತಾನಲ್ಲ, ಅದು ಆ ವರ್ಷದ್ದೇ. ನಿರ್ದೇಶನ ಟೋನಿ ಡೌ. ಅದೇ ಓನ್ಲಿ ಫೂಲ್ಸ್‌ನ 1996ರ ಡಿಸೆಂಬರ್ 29ರ ಕಂತು ನೋಡಿದವರು 2.43 ಕೋಟಿ.

ವೇಟಿಂಗ್ ಫಾರ್ ಗಾಡ್ ಅಂತ ಇವರದೇ ವೃದ್ಧಾಶ್ರಮದ ಕಾಮಿಡಿ ಇದೆ, 1990ರದ್ದು. ಅಲ್ಲಿನ ಜಗಳಗಂಟಿ ಮುದುಕಿ ಪಾತ್ರದ ಸ್ಟೆಫನಿ ಕೋಲ್‌ಗೆ ಆಗ ಐವತ್ತೂ ತುಂಬಿರಲಿಲ್ಲ. ನೋಡಿದರೆ ನಂಬಲ್ಲ.

ಅಯ್ಯೋ, ಬಸ್ ಆಗಲೇ ಬಂತು. ಬೇಗ ಹೇಳಿಬಿಡುತ್ತೇನೆ. ವಯಸ್ಸಾದ ಮೇಲೆ ಗ್ವೆನ್ಲನ್ ಬಿಬಿಸಿ ವೇಲ್ಸ್‌ಗೆ ಹೈ ಹೋಪ್ಸ್ ಅನ್ನುವ ಸಿಟ್‌ಕಾಮ್ ಮಾಡಿದರು. ವೆಲ್ಶ್ ಕಣಿವೆಯ ಕಾಲ್ಪನಿಕ ಹಳ್ಳಿ, ಪುಂಡ ಹುಡುಗರು, ಬೈಯುವ ಅಮ್ಮ. ಲಂಡನ್ನಿನ ಥಳುಕಿಲ್ಲ, ನನಗೆ ಇದೇ ಜಾಸ್ತಿ ಇಷ್ಟ. 2013ರಲ್ಲಿ ಒಬಿಇ ಅನ್ನುವ ಬ್ರಿಟಿಷ್ ಸರ್ಕಾರಿ ಗೌರವ ಸಿಕ್ಕಿತು, 2016ರಲ್ಲಿ ತೀರಿಕೊಂಡರು. ಡ್ರೈವರ್ ನನ್ನನ್ನೇ ನೋಡುತ್ತಿದ್ದಾರೆ, ಕ್ಯಾಮೆರಾ ಆಫ್ ಮಾಡುತ್ತೇನೆ.