ಗಣಪತಿಯನ್ನು ಜಗಲಿಯಲ್ಲಿ ಕೂರಿಸಿದ ಪಂಡಿತರು

ನಮಸ್ಕಾರ. ಪುಣೆಯ ಲಾ ಕಾಲೇಜ್ ರಸ್ತೆಯಲ್ಲಿ ನೀವು ಎಷ್ಟೋ ಸಲ ಓಡಾಡಿರುತ್ತೀರಿ. ಅಲ್ಲಿರುವ, ಹಳೆಯ ಗ್ರಂಥಗಳ ಸಂಶೋಧನೆ ನಡೆಸುವ ಭಂಡಾರ್ಕರ್ ಸಂಸ್ಥೆಯ ಗೇಟು ದಾಟಿ ಒಳಗೆ ಹೋದವರು ಎಷ್ಟು ಜನ? ಇರಲಿ ಬಿಡಿ. ಅಲ್ಲಿ ಕೂತು, ಬೇರೆ ಬೇರೆ ಕಡೆಯ ಕೈಬರಹದ ಪ್ರತಿಗಳನ್ನು ಹೋಲಿಸಿ, ಹಳೆಯ ಪಾಠ ಯಾವುದೆಂದು ಮಹಾಭಾರತವನ್ನು ಸೋಸಿದವರು ವಿಷ್ಣು ಸೀತಾರಾಮ ಸುಕ್ಥಂಕರ್. ಅವರು ಮಹಾಭಾರತವನ್ನು ಕತ್ತರಿಸಿಬಿಟ್ಟರು ಅನ್ನುವವರಿದ್ದಾರೆ. ಒಂದೇ ಮಾತು ನೆನಪಿಡಿ: ಅವರು ಸೋಸಿದರು, ಆದರೆ ಏನನ್ನೂ ಬಿಸಾಡಲಿಲ್ಲ.

ಹುಟ್ಟಿದ್ದು 1887ರಲ್ಲಿ. ಕೇಂಬ್ರಿಜ್‌ನಲ್ಲಿ ಓದಿದ್ದು ಗಣಿತ. ಆಮೇಲೆ ಬರ್ಲಿನ್‌ನಲ್ಲಿ ಸಂಸ್ಕೃತ ಹಿಡಿದರು. ಪಿಎಚ್‌ಡಿಗೆ ಆರಿಸಿಕೊಂಡದ್ದು ಯಾರನ್ನು ಗೊತ್ತಾ? ನಮ್ಮ ಅಮೋಘವರ್ಷನ ಕಾಲದ ವೈಯಾಕರಣಿ ಶಾಕಟಾಯನನನ್ನು!

1925ರಲ್ಲಿ ಮಹಾಭಾರತದ ಕೆಲಸ ಅವರ ಕೈಗೆ ಬಂತು. ಒಂದು ಶ್ಲೋಕಕ್ಕೆ ಒಂದು ಹಾಳೆ. ಚೌಕಚೌಕ ಗೀಟು ಹಾಕಿ, ಪ್ರತಿಯಿಂದ ಪ್ರತಿಗೆ ಅಕ್ಷರ ಅಕ್ಷರ ಹೋಲಿಸುವುದು. ಕಾಶ್ಮೀರದ ಶಾರದಾ ಲಿಪಿಯ ಪ್ರತಿಯೂ ಕೇರಳದ ಮಲಯಾಳಂ ಪ್ರತಿಯೂ ಒಂದೇ ಮಾತು ಹೇಳಿದರೆ ಅದು ಹಳೆಯದು. ಅಷ್ಟು ದೂರದವರು ಒಬ್ಬರದನ್ನು ನೋಡಿ ಒಬ್ಬರು ಬರೆದಿರಲಾರರು, ಅಲ್ವಾ?

ಒಮ್ಮೆ ನಮ್ಮ ಸೊಸೈಟಿಯ ಗಣೇಶೋತ್ಸವದಲ್ಲಿ ಇದನ್ನೇ ಹೇಳುತ್ತಿದ್ದೆ. ಜಾಗ ಸರಿಯಿಲ್ಲ ಅಂತ ಆಮೇಲೆ ಹೊಳೆಯಿತು! ವ್ಯಾಸರು ಹೇಳಿದರು, ಗಣಪತಿ ಬರೆದ ಅನ್ನುವ ಕಥೆ ಎಲ್ಲರಿಗೂ ಗೊತ್ತು. ಎಷ್ಟೋ ಪ್ರತಿಗಳಲ್ಲಿ ಆ ಕಥೆಯೇ ಇಲ್ಲ, ಹಾಗಾಗಿ ಸುಕ್ಥಂಕರ್ ಅದನ್ನು ಮೂಲದಿಂದ ತೆಗೆದರು ಅಂದೆ. ಮುಂದಿನ ಸಾಲಿನಲ್ಲಿದ್ದ ವಿಜಾಪುರದ ಕಡೆಯ ಅಜ್ಜಿ ಎದ್ದು ನಿಂತರು. “ಏನಪಾ, ಗಣಪ್ಪನ ಹಬ್ಬದಾಗ ಗಣಪ್ಪನ್ನ ಹೊರಗ ಹಾಕ್ತಿಯೇನು?” ಪೆಂಡಾಲೆಲ್ಲ ನಗು. ನಾನು ಬೆವೆತೆ. “ಇಲ್ಲ ಅಜ್ಜಿ, ಜಗಲಿಯಲ್ಲಿ ಕೂರಿಸಿದ್ದಾರೆ. ಪುಸ್ತಕದ ಕೊನೆಯಲ್ಲಿ, ಅನುಬಂಧದಲ್ಲಿ, ಆ ಶ್ಲೋಕಗಳೆಲ್ಲ ಹಾಗೇ ಇವೆ.” ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದರು. “ಜಗಲಿ ಮ್ಯಾಲ ಅದಾನಲ್ಲ, ಹಂಗಾದ್ರ ಅಡ್ಡಿ ಇಲ್ಲ” ಅಂದರು. ಹೋಗುವಾಗ ಕೈಗೆ ಎರಡು ಮೋದಕ ಕೊಟ್ಟರು.

ಅದನ್ನೇ ನಾನು ಹೇಳುತ್ತಿರುವುದು! ಬಿಟ್ಟ ಸಾಲು ಪುಟದ ಕೆಳಗಿದೆ, ಬಿಟ್ಟ ಕಥೆ ಪುಸ್ತಕದ ಕೊನೆಯಲ್ಲಿದೆ. ಸುಮ್ನೆ “ಕತ್ತರಿಸಿಬಿಟ್ಟರು” ಅನ್ನುವವರು ದಯವಿಟ್ಟು ಒಮ್ಮೆ ಪುಟ ತಿರುಗಿಸಿ ನೋಡಿ.

ಸಮಯ ಕಡಿಮೆ ಇದೆಯಂತೆ, ಬೇಗ ಹೇಳುತ್ತೇನೆ. ಆದಿಪರ್ವ 1933ರಲ್ಲಿ ಮುಗಿಯಿತು. ಅವರ ನಂತರ ಎಸ್.ಕೆ. ಬೆಲ್ವಲ್ಕರ್, ಪಿ.ಎಲ್. ವೈದ್ಯ ಅನ್ನುವ ವಿದ್ವಾಂಸರು ಮುಂದುವರಿಸಿದರು. 1966ರಲ್ಲಿ ಹದಿನೆಂಟು ಪರ್ವವೂ ಪೂರ್ತಿಯಾಯಿತು. ಸುಕ್ಥಂಕರ್ ಅದನ್ನು ನೋಡಲಿಲ್ಲ. ಮಹಾಭಾರತದ ಅರ್ಥದ ಬಗ್ಗೆ ಮುಂಬಯಿಯಲ್ಲಿ ನಾಲ್ಕು ಉಪನ್ಯಾಸ ಕೊಡುವುದಿತ್ತು. ಮೂರು ಮುಗಿದಿದ್ದವು. 1943ರ ಜನವರಿಯಲ್ಲಿ ತೀರಿಕೊಂಡರು. ನಾಲ್ಕನೆಯದರ ಬರಹ ಉಳಿದಿತ್ತು. 1957ರಲ್ಲಿ ಉಳಿದ ಮೂರರ ಜೊತೆ ಅಚ್ಚಾಯಿತು.

ಸ್ಟುಡಿಯೋದ ಗಾಜಿನ ಆಚೆಯಿಂದ ಸಮಯ ಮುಗಿಯಿತು ಅಂತ ಕೈ ತೋರಿಸುತ್ತಿದ್ದಾರೆ. ನಮಸ್ಕಾರ.