ಮೆಟ್ನರ್ ಒಲಿದ ವಾರ, ಪೆಡಲ್ ಕೈಕೊಟ್ಟ ದಿನ

ಬೆಳಗಿನ ಆರೂವರೆ. ಕಾಫಿ ಆಯಿತು, ಅದನ್ನು ನೀವೇ ನೋಡುತ್ತಿದ್ದೀರಿ. ಹಿನ್ನೆಲೆಯಲ್ಲಿ ಕೇಳುತ್ತಿರುವುದು ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಪಿಯಾನೊ ರಚನೆ, ‘ಸೊನಾಟಾ ರೆಮಿನಿಸೆನ್ಸಾ’. ನುಡಿಸುತ್ತಿರುವವರು ಎಮಿಲ್ ಗಿಲೆಲ್ಸ್. ಹಕ್ಕುಸ್ವಾಮ್ಯದ ತೊಂದರೆ ಇರುವುದರಿಂದ ಹತ್ತೇ ಸೆಕೆಂಡು ಹಾಕಿದ್ದೇನೆ. ದಯವಿಟ್ಟು ಪೂರ್ತಿಯಾಗಿ ಹುಡುಕಿ ಕೇಳಿ.

ಹೋದ ತಿಂಗಳ ವಿಡಿಯೋದಲ್ಲಿ ಮೆಟ್ನರ್ ಅವರದು ಒಣ ಸಂಗೀತ, ಲೆಕ್ಕ ಬಿಡಿಸಿದ ಹಾಗಿದೆ ಎಂದಿದ್ದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆಗ ಕೇಳಿದ್ದು ಅವರ ‘ನೈಟ್ ವಿಂಡ್’ ಸೊನಾಟಾ. ಅರ್ಧ ಗಂಟೆ ದಾಟುವ ರಚನೆ, ನಡುವೆ ಉಸಿರಾಡಲು ಬಿಡುವಿಲ್ಲ. ಹೊಸಬರು ಅಲ್ಲಿಂದ ಶುರು ಮಾಡಲೇಬಾರದು. ರೆಮಿನಿಸೆನ್ಸಾ ಬೇರೆಯೇ. ತೊಟ್ಟಿಲು ತೂಗಿದ ಹಾಗೆ ಒಂದು ಸಾಲು, ಮೆಲ್ಲಗೆ, ಒಂದೇ ನಡಿಗೆಯಲ್ಲಿ. ಆಮೇಲೆ ಸಂಗೀತ ಎಲ್ಲೆಲ್ಲಿಗೋ ಹೋಗುತ್ತದೆ, ಒಂದೆರಡು ಕಡೆ ಸಿಟ್ಟೇ ಮಾಡಿಕೊಳ್ಳುತ್ತದೆ. ನಡುವೆ ಮತ್ತೆ ಆ ಸಾಲು, ಕೊನೆಗೆ ಇನ್ನೊಮ್ಮೆ. ಚರಣ ಹಾಡಿ ಪಲ್ಲವಿಗೆ ಮರಳಿದಾಗ ಅದೇ ಪಲ್ಲವಿ ಬೇರೆಯಾಗಿ ಕೇಳಿಸುವುದಿಲ್ಲವೇ, ಹಾಗೆ. ಮೂರನೆಯ ಸಲ ಕೇಳಿದಾಗ ನನಗೆ ಕಣ್ಣು ತುಂಬಿತು. ಮೊದಲನೆಯ ಸಲ ಏನೂ ಆಗಿರಲಿಲ್ಲ.

ಈಗ ಪೆಡಲ್ ವಿಷಯ. ಇದನ್ನು ಹೇಳದೆ ಮುಂದೆ ಹೋಗಲಾರೆ.

ನನ್ನದು ಎರಡನೆಯ ಕೈಯ ಡಿಜಿಟಲ್ ಪಿಯಾನೊ. ಹಳೆಯ ಪೆಡಲ್ ತುಂಡಾಯಿತೆಂದು 850 ರೂಪಾಯಿ ಕೊಟ್ಟು ಹೊಸದು ತಂದೆ. ಸಿಕ್ಕಿಸಿ ನುಡಿಸಿದರೆ ಎಲ್ಲ ತಲೆಕೆಳಗು. ಪೆಡಲ್ ಒತ್ತಿದಾಗ ಸ್ವರ ಉಳಿಯಬೇಕು, ಬಿಟ್ಟಾಗ ಅಡಗಬೇಕು. ಇಲ್ಲಿ ಕಾಲಿಟ್ಟರೆ ಸ್ವರ ಕಡಿದುಹೋಗುತ್ತದೆ, ಕಾಲು ತೆಗೆದರೆ ಒಂದರ ಮೇಲೊಂದು ಸ್ವರ ಸೇರಿ ಗುಂಯ್ಗುಡುತ್ತದೆ. ಮೆಟ್ನರ್ ಅವರ ದಟ್ಟ ಸ್ವರಗಳು ಆ ಗದ್ದಲದಲ್ಲಿ ಏನಾಗಬೇಡ! ಆಟೋ ಹಿಡಿದು ಅಂಗಡಿಗೆ ಹೋದೆ. ಪೊಟ್ಟಣ ಒಡೆದ ಮೇಲೆ ವಾಪಸ್ ಇಲ್ಲ ಎಂದರು. ಪೆಡಲ್ ಸರಿಯಾಗಿದೆ, ನಿಮ್ಮ ಪಿಯಾನೊದ ಬೋರ್ಡ್ ಹೋಗಿದೆ, 6,500 ರೂಪಾಯಿ ಆಗಬಹುದು ಎಂದರು. ವಾದ್ಯವನ್ನು ಕಣ್ಣಿಂದಲೂ ನೋಡಿರಲಿಲ್ಲ! ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ದಿನ ಧೂಳು ಒರೆಸಲು ಪೆಡಲ್ ಮಗುಚಿದರೆ, ಇಗೋ ನೋಡಿ, ಅಡಿಯಲ್ಲಿ ಉಗುರಿನಷ್ಟು ಸಣ್ಣ ಗುಂಡಿ. ಕಂಪನಿಯಿಂದ ಕಂಪನಿಗೆ ಪೆಡಲಿನ ಪೋಲಾರಿಟಿ, ಅಂದರೆ ಒತ್ತಿದ್ದು ಯಾವುದು, ಬಿಟ್ಟದ್ದು ಯಾವುದು ಎಂದು ವಾದ್ಯಕ್ಕೆ ತಿಳಿಸುವ ರೀತಿ, ಬೇರೆ ಇರುತ್ತದೆ, ಅದನ್ನು ಹೊಂದಿಸಲು ಇರುವ ಗುಂಡಿ ಇದು. ಈ ಕಡೆಯಿಂದ ಆ ಕಡೆಗೆ ಸರಿಸಿದೆ, ಸರಿಹೋಯಿತು. ಅಷ್ಟೇ! ನಿಮ್ಮದರಲ್ಲಿ ಗುಂಡಿ ಇಲ್ಲದಿದ್ದರೆ ಪಿಯಾನೊದ ಸ್ವಿಚ್ ಆರಿಸಿ, ಪೆಡಲ್ ಸಿಕ್ಕಿಸಿ, ಕಾಲು ಇಡದೆ ಮತ್ತೆ ಸ್ವಿಚ್ ಹಾಕಿ ನೋಡಿ. ಎಷ್ಟೋ ವಾದ್ಯಗಳು ಆಗ ತಾವೇ ಗುರುತಿಸಿಕೊಳ್ಳುತ್ತವೆ. ವಾದ್ಯ ಮಾರುವವರಿಗೆ ಇಷ್ಟು ತಿಳಿದಿರಬೇಡವೇ? ನನಗೆ ಇನ್ನೂ ಕೋಪ ಇಳಿದಿಲ್ಲ.

ಇದು ಹಾರ್ಡಿಂಜ್ ವೃತ್ತ, ಅಂಗಡಿಯಿಂದ ಬರುವಾಗ ತೆಗೆದದ್ದು. ಪ್ರತಿಮೆ ಜಯಚಾಮರಾಜ ಒಡೆಯರ್ ಅವರದು. ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿ ರಚಿಸಿದವರೆಂದು ಮೈಸೂರಿನಲ್ಲಿ ಹಲವರಿಗೆ ಗೊತ್ತು. ಅವರು ಪಿಯಾನೊ ಕಲಿತವರು, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಎಂಬ ಅರ್ಹತಾಪತ್ರ ಪಡೆದವರು ಎಂಬುದು ಅಷ್ಟಾಗಿ ಗೊತ್ತಿಲ್ಲ. 1940ರ ದಶಕದ ಕೊನೆಯಲ್ಲಿ ಮೆಟ್ನರ್ ಲಂಡನ್ನಿನಲ್ಲಿದ್ದರು. ವಯಸ್ಸಾಗಿತ್ತು, ಹೃದಯದ ಕಾಯಿಲೆ, ಕೇಳುವವರೂ ಕಡಿಮೆ. ಆಗ ಮಹಾರಾಜರು ಅವರ ಸಂಗೀತವನ್ನು ಧ್ವನಿಮುದ್ರಿಸಲು ಹಣ ಒದಗಿಸಿ ಮೆಟ್ನರ್ ಸೊಸೈಟಿ ಮಾಡಿಸಿದರು. ಎಚ್‌ಎಂವಿ ಕಂಪನಿ ಆ ಧ್ವನಿಮುದ್ರಿಕೆಗಳನ್ನು ಹೊರತಂದಿತು. ಮೂರೂ ಪಿಯಾನೊ ಕನ್ಚರ್ಟೊಗಳನ್ನು, ಅಂದರೆ ವಾದ್ಯವೃಂದದ ಜೊತೆ ಪಿಯಾನೊ ನುಡಿಸುವ ರಚನೆಗಳನ್ನು, ಮೆಟ್ನರ್ ತಾವೇ ನುಡಿಸಿ ಉಳಿಸಿಹೋಗಲು ಸಾಧ್ಯವಾದದ್ದು ಹೀಗೆ. ಮೂರನೆಯ ಕನ್ಚರ್ಟೊವನ್ನು ಅವರು ಮೈಸೂರು ಮಹಾರಾಜರಿಗೇ ಅರ್ಪಿಸಿದರು. 1951ರಲ್ಲಿ ತೀರಿಕೊಂಡರು. ಈ ವೃತ್ತವನ್ನು ಸಾವಿರ ಸಲ ದಾಟಿದ್ದೇನೆ. ಮೊನ್ನೆ ಮೊದಲ ಬಾರಿಗೆ ನಿಂತು ಕೈಮುಗಿದೆ. ಹಾಗೆಂದು ಆ ಕನ್ಚರ್ಟೊ ಇಷ್ಟವಾಯಿತೇ ಎಂದರೆ, ಇನ್ನೂ ಇಲ್ಲ. ಮೊದಲ ಭಾಗ ಚೆನ್ನಾಗಿದೆ. ಅಲ್ಲ, ಬಹಳ ಚೆನ್ನಾಗಿದೆ. ಕೊನೆಯ ಭಾಗದಲ್ಲಿ ನನಗೆ ದಾರಿ ತಪ್ಪುತ್ತದೆ. ಬಸ್ ಅಡ್ಡ ಬಂತು, ಶಾಟ್ ಮುಗಿಯಿತು, ಮನೆಗೆ ಹೋಗೋಣ.

ನೊಟೇಷನ್ ಹಾಳೆಗಳು ಇವು. ಮೆಟ್ನರ್ ತೀರಿಕೊಂಡು 60 ವರ್ಷ ದಾಟಿರುವುದರಿಂದ ನಮ್ಮ ದೇಶದಲ್ಲಿ ಈ ರಚನೆಗಳಿಗೆ ಹಕ್ಕುಸ್ವಾಮ್ಯವಿಲ್ಲ. ಝೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ ಎರಡು ರೂಪಾಯಿ. ಈ ಪುಟ್ಟ ಪಿಯಾನೊ ರಚನೆಗಳಿಗೆ ‘ಸ್ಕಾಜ್ಕಾ’ ಎಂದು ಹೆಸರು, ಮೂವತ್ತಕ್ಕೂ ಹೆಚ್ಚು ಬರೆದಿದ್ದಾರೆ. ಇಂಗ್ಲಿಷಿನಲ್ಲಿ ‘ಫೇರಿ ಟೇಲ್’ ಎನ್ನುತ್ತಾರೆ, ನನಗೆ ಒಪ್ಪಿಗೆಯಿಲ್ಲ. ರಷ್ಯನ್ ಪದದೊಳಗಿರುವುದು ‘ಹೇಳು’ ಎಂಬ ಕ್ರಿಯಾಪದ. ಕಿನ್ನರಿಯರ ರೆಕ್ಕೆ ಅದರಲ್ಲಿಲ್ಲ. ನಮ್ಮ ‘ಅಜ್ಜಿಕಥೆ’ ಎಷ್ಟೋ ಹತ್ತಿರ.

ಓಪಸ್ 26, ಅಂದರೆ ಅವರ 26ನೆಯ ಸಂಖ್ಯೆಯ ಗುಚ್ಛ. ಅದರ ಮೂರನೆಯ ಸ್ಕಾಜ್ಕಾ ಇದು, ಎಫ್ ಮೈನರ್ ಎಂಬ ಸ್ವರಶ್ರೇಣಿಯಲ್ಲಿ. ಕಥೆ ಹೇಳುವಂತೆ, ನಿಮ್ಮ ಇಷ್ಟದ ನಡೆಯಲ್ಲಿ ನುಡಿಸಿ ಎಂದು ಮೆಟ್ನರ್ ಅವರೇ ಮೇಲೆ ಸೂಚಿಸಿದ್ದಾರೆ. ಎರಡನೆಯ ಪುಟ ಕೈಗೆ ಕೂತಿಲ್ಲ, ಮೊದಲನೆಯದನ್ನಷ್ಟೇ ನುಡಿಸುತ್ತೇನೆ. ಫ್ಯಾನ್ ಆರಿಸಿದ್ದೇನೆ. ಕೇಳಿ.