ಎಲ್ಲಿ ತಡೆದಿರಿ, ಅದನ್ನು ಹೇಳಿ

ಕೇಳುಗರಿಗೆ ನಮಸ್ಕಾರ.

ಯಾರಾದರೂ ಒಂದು ಪುಸ್ತಕ ಓದಿ ಮುಗಿಸಿದ್ದಾರೆ ಅಂತ ಗೊತ್ತಾದರೆ ನನಗೆ ಸುಮ್ನಿರೋಕೆ ಆಗುವುದಿಲ್ಲ. ಹೇಗಿತ್ತು ಅಂತ ಕೇಳಿಬಿಡುತ್ತೇನೆ. "ತುಂಬಾ ಚೆನ್ನಾಗಿತ್ತು" ಅನ್ನುತ್ತಾರೆ. ಇಲ್ಲವೇ, "ಪರವಾಗಿಲ್ಲ, ಒಂದು ಸಲ ಓದಬಹುದು." ಅಲ್ಲಿಗೆ ಮಾತು ಮುಗಿಯಿತು. ಇದರಿಂದ ಪುಸ್ತಕದ ಬಗ್ಗೆ ನನಗೇನೂ ಗೊತ್ತಾಗಲಿಲ್ಲ, ಓದಿದವರ ಬಗ್ಗೆಯೂ ಗೊತ್ತಾಗಲಿಲ್ಲ.

ಅದೇ ಒಬ್ಬರು, "ನಡುವೆ ಆ ಮದುವೆಯ ಅಧ್ಯಾಯ ಬರುತ್ತಲ್ಲ, ಅಲ್ಲಿ ಎರಡು ದಿನ ಪುಸ್ತಕ ಮುಚ್ಚಿಟ್ಟಿದ್ದೆ" ಅಂದರು ಅನ್ನಿ. ತಕ್ಷಣ ಕಿವಿ ನಿಮಿರುತ್ತದೆ. ಯಾಕೆ ಮುಚ್ಚಿಟ್ಟರು? ಬೇಜಾರಾಯಿತಾ, ಕಣ್ಣೀರು ಬಂತಾ, ಸಿಟ್ಟು ಬಂತಾ? ಆ ಪುಸ್ತಕ ನನಗೂ ಬೇಕು ಅನ್ನಿಸುತ್ತದೆ.

ಓದುಗರ ಮಾತನ್ನು ಜೋಪಾನವಾಗಿ ಬರೆದಿಟ್ಟುಕೊಂಡ ಒಬ್ಬ ಲೇಖಕಿಯ ಬಗ್ಗೆ ಇವತ್ತು ಹೇಳಬೇಕು. ಜೇನ್ ಆಸ್ಟಿನ್. ಅವಳ 'ಮ್ಯಾನ್ಸ್‌ಫೀಲ್ಡ್ ಪಾರ್ಕ್' ಕಾದಂಬರಿ ಬಂದದ್ದು 1814ರಲ್ಲಿ. 'ಎಮ್ಮಾ' ಬಂದದ್ದು 1815ರ ಕೊನೆಗೆ. ಈ ಎರಡು ಪುಸ್ತಕಗಳ ಬಗ್ಗೆ ಮನೆಯವರು, ನೆಂಟರು, ಪರಿಚಯದವರು ಏನೇನು ಅಂದರು ಅನ್ನುವುದನ್ನು ಅವಳು ಪಟ್ಟಿ ಮಾಡಿ ಇಟ್ಟಿದ್ದಳು. ಆ ಹಾಳೆಗಳು ಉಳಿದುಬಂದಿವೆ. ಹೆಸರು, ಪಕ್ಕದಲ್ಲಿ ಅವರ ಅಭಿಪ್ರಾಯ, ಅಷ್ಟೇ. ಅವಳ ಕಡೆಯಿಂದ ಒಂದು ಸಮಜಾಯಿಷಿ ಇಲ್ಲ, ಒಂದು ಕೊಂಕು ಇಲ್ಲ.

ಹೆತ್ತ ತಾಯಿಯೇ ಏನಂದಳು ಗೊತ್ತಾ? ಹಿಂದಿನ 'ಪ್ರೈಡ್ ಅಂಡ್ ಪ್ರೆಜುಡಿಸ್'ನಷ್ಟು 'ಮ್ಯಾನ್ಸ್‌ಫೀಲ್ಡ್ ಪಾರ್ಕ್' ಹಿಡಿಸಲಿಲ್ಲ, ನಾಯಕಿ ಫ್ಯಾನಿ ಸಪ್ಪೆ. ಆದರೆ ಕಾದಂಬರಿಯ ಜಿಪುಣಿ, ಬಾಯಿಬಡುಕಿ ಮಿಸೆಸ್ ನಾರಿಸ್ ಇದ್ದಾಳಲ್ಲ, ಅವಳನ್ನು ಓದಿ ಖುಷಿಪಟ್ಟಳಂತೆ. ಅಕ್ಕ ಕ್ಯಾಸಂಡ್ರಾಗೆ ಫ್ಯಾನಿ ಇಷ್ಟ. ರಷ್‌ವರ್ತ್ ಅನ್ನುವ ಪಾತ್ರದ ಪೆದ್ದುತನ ಇನ್ನೂ ಇಷ್ಟ. ಅಣ್ಣನ ಮಕ್ಕಳು ಎಡ್ವರ್ಡ್ ಮತ್ತು ಜಾರ್ಜ್. ಒಬ್ಬ ಫ್ಯಾನಿಯನ್ನು ಮೆಚ್ಚಿದ. ಇನ್ನೊಬ್ಬನಿಗೆ ಅವಳನ್ನು ಕಂಡರಾಗಲಿಲ್ಲ, ಅವನ ಕಣ್ಣೆಲ್ಲ ಚೂಟಿ ಹುಡುಗಿ ಮೇರಿ ಕ್ರಾಫರ್ಡ್ ಮೇಲೆ. ಒಂದೇ ಮನೆ, ಒಂದೇ ಪುಸ್ತಕ!

ಇನ್ನೊಬ್ಬ ಹೆಂಗಸು ಇನ್ನೂ ನೇರ. ಇವಳ ಮೊದಲ ಎರಡು ಕಾದಂಬರಿಗಳೂ ಶುದ್ಧ ಅಸಂಬದ್ಧ ಅಂತ ಒಪ್ಪಿಕೊಂಡಳು. ಮೂರನೆಯದು ಸ್ವಲ್ಪ ವಾಸಿ ಇರಬಹುದು ಅಂತ ಹಿಡಿದಳಂತೆ. ಮೊದಲ ಸಂಪುಟ ಮುಗಿಸಿ, ಸದ್ಯ, ಕಷ್ಟದ ಭಾಗ ದಾಟಿದೆ ಅಂತ ಸಮಾಧಾನಪಟ್ಟುಕೊಂಡಳು. ಇದನ್ನೂ ಆಸ್ಟಿನ್ ಹಾಗೇ ಬರೆದಿಟ್ಟಳು.

'ಎಮ್ಮಾ' ಪಟ್ಟಿ ಇನ್ನೂ ಸೊಗಸು. ಒಬ್ಬಾಕೆ, ಲೇಖಕಿ ಪರಿಚಯದವಳು ಅಲ್ಲದಿದ್ದರೆ ಓದಿ ಮುಗಿಸುವುದೇ ಕಷ್ಟವಿತ್ತು ಅಂದಳು. ಇನ್ನೊಬ್ಬಾಕೆಯ ದೂರು, ಎಲ್ಲ ತೀರಾ ಸಹಜವಾಗಿದೆ, ಅದಕ್ಕೇ ಸ್ವಾರಸ್ಯ ಇಲ್ಲ ಅಂತ. ಒಬ್ಬ ಮಹಾಶಯ ಬರೀ ಮೊದಲ ಅಧ್ಯಾಯ ಮತ್ತು ಕೊನೆಯ ಅಧ್ಯಾಯ ಓದಿದ. ಯಾಕಪ್ಪಾ ಅಂದರೆ, ಪುಸ್ತಕ ಚೆನ್ನಾಗಿಲ್ಲ ಅಂತ ಯಾರೋ ಹೇಳಿದ್ದರಂತೆ. ಅದೇ ಪಟ್ಟಿಯಲ್ಲಿ, ಆ ಕಾಲದ ದೊಡ್ಡ ಪತ್ರಿಕೆ 'ಎಡಿನ್‌ಬರೋ ರಿವ್ಯೂ' ಸಂಪಾದಕ ಜೆಫ್ರಿಯೂ ಇದ್ದಾನೆ. ಅವನು ಮೂರು ರಾತ್ರಿ ನಿದ್ದೆಗೆಟ್ಟು ಓದಿದನಂತೆ. ದೊಡ್ಡ ವಿಮರ್ಶಕ ನಿದ್ದೆಗೆಟ್ಟ ಸಾಲು, ಎರಡೇ ಅಧ್ಯಾಯ ಓದಿ ಕೈತೊಳೆದುಕೊಂಡವನ ಸಾಲು, ಎರಡಕ್ಕೂ ಒಂದೇ ಪಟ್ಟಿಯಲ್ಲಿ ಜಾಗ. ನನಗೆ ಆಸ್ಟಿನ್ ಮೇಲೆ ಗೌರವ ಹೆಚ್ಚಾಗಿದ್ದು ಅವಳ ಕಾದಂಬರಿಗಳಿಂದ ಅಷ್ಟೇ ಅಲ್ಲ, ಈ ಪಟ್ಟಿಯಿಂದ ಕೂಡ.

ಗಮನಿಸಿ, ಇವರಲ್ಲಿ ಹೆಚ್ಚಿನವರು ಮಾತಾಡಿದ್ದು ಪಾತ್ರಗಳ ಬಗ್ಗೆ. ಶೈಲಿ, ತಂತ್ರ, ಆಶಯ, ಇವನ್ನೆಲ್ಲ ಎತ್ತಿದವರು ಕಡಿಮೆ. ಓದುಗರು ಹಾಗೇ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದ ಯಾರನ್ನಾದರೂ ಮಾತಿಗೆ ಎಳೆಯಿರಿ. 1967ರಲ್ಲಿ ಬಂದ ಆ ದೊಡ್ಡ ಕಾದಂಬರಿಯ ವಿಸ್ತಾರದ ಬಗ್ಗೆ ಒಂದೆರಡು ಮಾತು ಆಡಿ, ಕೊನೆಗೆ ಗುತ್ತಿಯ ನಾಯಿ ಹುಲಿಯನ ಹತ್ತಿರ ಬಂದು ನಿಲ್ಲುತ್ತಾರೆ. ಅಷ್ಟೊಂದು ಜನ ತುಂಬಿದ ಪುಸ್ತಕದಲ್ಲಿ ಮನಸ್ಸು ಹೋಗಿ ಸಿಕ್ಕಿಕೊಂಡದ್ದು ಒಂದು ನಾಯಿಗೆ. ಇದನ್ನು ಹಗುರ ಅಂತ ನಾನು ಅಂದುಕೊಳ್ಳುವುದಿಲ್ಲ. ಪುಸ್ತಕ ಒಳಗೆ ಇಳಿದ ಜಾಗ ಅದೇ ತಾನೇ?

ಕೆಲವರಿಗೆ ತಮ್ಮ ರುಚಿ ಹೇಳಿಕೊಳ್ಳೋಕೆ ಸಂಕೋಚ. ಎಲ್ಲಿ ದಡ್ಡರು ಅಂದುಕೊಳ್ತಾರೋ ಅಂತ. ಅವರು ಚಾರ್ಲ್ಸ್ ಡಾರ್ವಿನ್‌ನ ಮಾತು ಕೇಳಬೇಕು. ಜೀವವಿಕಾಸದ ಸಿದ್ಧಾಂತ ಕೊಟ್ಟ ಅದೇ ಡಾರ್ವಿನ್. ವಯಸ್ಸಾದ ಮೇಲೆ ಅವನಿಗೆ ಕವಿತೆ ಸೇರುತ್ತಿರಲಿಲ್ಲ, ಷೇಕ್ಸ್‌ಪಿಯರ್ ಅಂತೂ ವಾಕರಿಕೆ ತರಿಸುವಷ್ಟು ಬೇಸರ. ಆದರೆ ಕಾದಂಬರಿ ಅಂದರೆ ಪ್ರಾಣ. ಮನೆಯವರು ಗಟ್ಟಿಯಾಗಿ ಓದುತ್ತಿದ್ದರು, ಇವನು ಕೇಳುತ್ತಿದ್ದ. ಸುಮಾರಾಗಿದ್ದರೂ ನಡೆಯುತ್ತಿತ್ತು. ಕೊನೆ ಮಾತ್ರ ದುಃಖದಲ್ಲಿ ಮುಗಿಯಬಾರದು. ಹಾಗೆ ಮುಗಿಸುವುದರ ವಿರುದ್ಧ ಒಂದು ಕಾನೂನೇ ಬರಬೇಕು ಅಂತ ಆತ್ಮಕಥೆಯಲ್ಲಿ ಬರೆದಿದ್ದಾನೆ! ಮನಸಾರೆ ಪ್ರೀತಿಸಬಹುದಾದ ಒಂದು ಪಾತ್ರವಾದರೂ ಇಲ್ಲದ ಕಾದಂಬರಿ ಅವನ ಲೆಕ್ಕದಲ್ಲಿ ಮೊದಲ ದರ್ಜೆಯದಲ್ಲ; ಆ ಪಾತ್ರ ಚೆಂದದ ಹೆಣ್ಣಾಗಿದ್ದರೆ ಇನ್ನೂ ಒಳ್ಳೆಯದಂತೆ. ಇಷ್ಟು ಬಿಚ್ಚುಮನಸ್ಸಿನಿಂದ ನಾವು ಎಷ್ಟು ಜನ ಮಾತಾಡ್ತೇವೆ?

ಸುಖಾಂತ್ಯ ಬೇಕು ಅಂತ ಹಟ ಹಿಡಿದವರಲ್ಲಿ ಡಾರ್ವಿನ್ ಮೊದಲಿಗನೇನಲ್ಲ. ಇಂಗ್ಲಿಷ್ ಕಾದಂಬರಿಕಾರ ರಿಚರ್ಡ್‌ಸನ್‌ನ 'ಕ್ಲಾರಿಸ್ಸಾ' 1747-48ರಲ್ಲಿ ಸಂಪುಟ ಸಂಪುಟವಾಗಿ ಹೊರಬರುತ್ತಿತ್ತು. ಒಬ್ಬ ಓದುಗಾರ್ತಿ ಸುಳ್ಳು ಹೆಸರಿನಲ್ಲಿ ಕಾಗದದ ಮೇಲೆ ಕಾಗದ ಬರೆದು, ನಾಯಕಿಯನ್ನು ಸಾಯಿಸಬೇಡಿ ಅಂತ ಅಂಗಲಾಚಿದಳು. ಲೇಖಕ ಬಗ್ಗಲಿಲ್ಲ. ಕಾನನ್ ಡಾಯ್ಲ್ ಬಗ್ಗಿದ. 1893ರಲ್ಲಿ ಅವನು ಷರ್ಲಾಕ್ ಹೋಮ್ಸ್‌ನನ್ನು ಜಲಪಾತದಲ್ಲಿ ಮುಗಿಸಿದ್ದ. ಓದುಗರ ಸಿಟ್ಟು ಆರಲೇ ಇಲ್ಲ. ಹತ್ತು ವರ್ಷದ ಮೇಲೆ, 1903ರಲ್ಲಿ, ಬದುಕಿಸಿ ವಾಪಸ್ ಕರೆತಂದ.

ಇನ್ನೊಂದು ವಿಷಯ. ಅಭಿಪ್ರಾಯ ಹೇಳುವವರು ಓದಿದ್ದು ಯಾವ ಪುಸ್ತಕ ಅಂತಲೂ ನೋಡಬೇಕು. ಇದೇನು, ಅದೇ ಪುಸ್ತಕ ಅಲ್ವಾ ಅಂತೀರಾ? ಮೆಲ್ವಿಲ್‌ನ ತಿಮಿಂಗಿಲದ ಕಾದಂಬರಿ 'ಮೋಬಿ ಡಿಕ್' ಇದೆಯಲ್ಲ, ಅದು 1851ರ ಅಕ್ಟೋಬರ್‌ನಲ್ಲಿ ಮೊದಲು ಲಂಡನ್ನಿನಲ್ಲಿ ಬಂತು, 'ದಿ ವೇಲ್' ಅನ್ನುವ ಹೆಸರಿನಲ್ಲಿ, ಮೂರು ಸಂಪುಟದಲ್ಲಿ. ಹಡಗು ಮುಳುಗುತ್ತದೆ, ಎಲ್ಲರೂ ಸಾಯುತ್ತಾರೆ, ಕಥೆ ಹೇಳುವ ಇಷ್ಮಾಯೆಲ್ ಒಬ್ಬ ಶವಪೆಟ್ಟಿಗೆ ಹಿಡಿದು ತೇಲಿ ಉಳಿಯುತ್ತಾನೆ. ಅವನು ಉಳಿದದ್ದನ್ನು ಹೇಳುವುದು ಕೊನೆಯ ಒಂದು ಪುಟ್ಟ ಉಪಸಂಹಾರ. ಲಂಡನ್ ಮುದ್ರಣದಲ್ಲಿ ಅದೇ ಬಿಟ್ಟುಹೋಗಿತ್ತು! ವಿಮರ್ಶಕರು ಹಿಡಿದುಕೊಂಡರು: ಎಲ್ಲರೂ ಸತ್ತ ಮೇಲೆ ಕಥೆ ಹೇಳಿದ್ದು ಯಾರು? ಗಣಿ ಕುಸಿದು ಒಳಗಿದ್ದವರೆಲ್ಲ ಸತ್ತರೆ, ಅವರು ಒಳಗೆ ಏನು ಮಾತಾಡಿಕೊಂಡರು ಅಂತ ಲೇಖಕ ಬರೆಯಬಾರದು ಅಂತ ಒಬ್ಬ ಪಾಠವನ್ನೇ ಹೇಳಿದ. ಅವನ ತಕರಾರು ಸರಿಯಾಗಿಯೇ ಇತ್ತು, ಅವನ ಕೈಯಲ್ಲಿದ್ದ ಪುಸ್ತಕದ ಮಟ್ಟಿಗೆ. ಸಂಕ್ಷಿಪ್ತ ಅನುವಾದ ಓದಿ ಮೂಲವನ್ನು ಬೈಯುವವರು ಸಿಕ್ಕಾಗೆಲ್ಲ ನನಗೆ ಆ ವಿಮರ್ಶಕ ನೆನಪಾಗುತ್ತಾನೆ.

ಜೀವನಚರಿತ್ರೆಗಳಿಗೆ ಬರೋಣ. ಇಲ್ಲಿ ಓದುಗರ ಮಾತು ಬೇರೆಯೇ ದಾರಿ ಹಿಡಿಯುತ್ತದೆ. ಪುಸ್ತಕ ಹೇಗಿತ್ತು ಅಂದರೆ, "ಅಬ್ಬಾ, ಎಂಥಾ ಮನುಷ್ಯ!" ಅನ್ನುತ್ತಾರೆ. ಮನುಷ್ಯ ದೊಡ್ಡವನು, ಸರಿ. ಪುಸ್ತಕ? ಹುಟ್ಟಿದ ತಾರೀಕು, ಕಲಿತ ಶಾಲೆ, ಪಡೆದ ಪದವಿ, ಸಿಕ್ಕ ಬಿರುದು, ಇಷ್ಟನ್ನೇ ಪೋಣಿಸಿದ ಜೀವನಚರಿತ್ರೆಗಳು ರಾಶಿ ರಾಶಿ ಇವೆ. ಮುಗಿಸಿದ ಮೇಲೂ ಆ ಮನುಷ್ಯ ನಗುತ್ತಿದ್ದನೋ ಇಲ್ಲವೋ ಗೊತ್ತಾಗುವುದಿಲ್ಲ. ಗ್ರೀಕ್ ಲೇಖಕ ಪ್ಲುಟಾರ್ಕ್ ಸುಮಾರು 1900 ವರ್ಷದ ಹಿಂದೆಯೇ, ಅಲೆಕ್ಸಾಂಡರನ ಜೀವನ ಬರೆಯುವಾಗ, ಇದನ್ನು ಸ್ಪಷ್ಟ ಮಾಡಿದ್ದ. ಸಾವಿರಾರು ಜನ ಸತ್ತ ಯುದ್ಧಕ್ಕಿಂತ ಒಂದು ಸಣ್ಣ ಮಾತು, ಒಂದು ತಮಾಷೆ ಮನುಷ್ಯನ ಸ್ವಭಾವವನ್ನು ಜಾಸ್ತಿ ತೋರಿಸುತ್ತದೆ ಅಂತ.

ಬಾಸ್ವೆಲ್ 1791ರಲ್ಲಿ ಪ್ರಕಟಿಸಿದ ಸ್ಯಾಮ್ಯುಯೆಲ್ ಜಾನ್ಸನ್ನನ ಜೀವನಚರಿತ್ರೆ ಇದಕ್ಕೆ ಒಳ್ಳೆಯ ಉದಾಹರಣೆ. ಜಾನ್ಸನ್ ಇಂಗ್ಲಿಷಿನ ದೊಡ್ಡ ನಿಘಂಟು ಮಾಡಿದ ಪಂಡಿತ. ಅವನು ಕಿತ್ತಳೆ ಹಿಂಡಿದ ಮೇಲೆ ಸಿಪ್ಪೆ ಎಸೆಯುತ್ತಿರಲಿಲ್ಲ. ಬಾಸ್ವೆಲ್‌ಗೆ ಕುತೂಹಲ. ಒಂದು ದಿನ ನೋಡಿದರೆ, ಸಿಪ್ಪೆಗಳನ್ನು ನೀಟಾಗಿ ಹೆರೆದು, ಸಣ್ಣ ಚೂರು ಮಾಡಿ ಮೇಜಿನ ಮೇಲೆ ಇಟ್ಟಿದ್ದಾನೆ. ಇವನ್ನು ಏನು ಮಾಡ್ತೀರಿ ಸ್ವಾಮಿ ಅಂತ ಕೇಳಿದ. ಒಣಗಿಸ್ತೇನೆ ಅಂದ ಜಾನ್ಸನ್. ಆಮೇಲೆ? ಊಹೂಂ, ಅವುಗಳ ಮುಂದಿನ ಗತಿ ನಿಮಗೆ ತಿಳಿಯಕೂಡದು! ಬಾಸ್ವೆಲ್ ಎಷ್ಟು ಕೆದಕಿದರೂ ಬಾಯಿ ಬಿಡಲಿಲ್ಲ.

ಈ ಸಿಪ್ಪೆಯಿಂದ ಸಾಹಿತ್ಯಕ್ಕೆ ಏನು ಲಾಭ? ಏನೂ ಇಲ್ಲ. ಆದರೆ ಆ ಎರಡು ನಿಮಿಷ ಜಾನ್ಸನ್ ಎದುರಿಗೆ ಕೂತಿರುತ್ತಾನೆ, ಹಟಮಾರಿ ಮುದುಕ. ಕೇಳುತ್ತಿರುವವನ ಪೀಡಿಸುವ ಸ್ವಭಾವವೂ ಕಾಣುತ್ತದೆ. ಅದಕ್ಕೇ ಯಾರಾದರೂ ಜೀವನಚರಿತ್ರೆ ಹೊಗಳಿದರೆ ನಾನು ಕೇಳುವುದು ಒಂದೇ: ಅದರಲ್ಲಿ ಇಂಥ ಒಂದು ಸಣ್ಣ ಸಂಗತಿ ಹೇಳಿ ನೋಡೋಣ. ತಡವರಿಸಿದರೆ, ಅವರು ಹೊಗಳುತ್ತಿರುವುದು ಪುಸ್ತಕವನ್ನಲ್ಲ ಅಂತ ಲೆಕ್ಕ.

ಆತ್ಮಕಥೆಗಳಲ್ಲಿ ಇನ್ನೊಂದು ತೊಡಕು. ಬರೆಯುವವರು ಏನನ್ನು ಬಿಟ್ಟರು ಅನ್ನುವುದು ನಮಗೆ ಕಾಣುವುದಿಲ್ಲ. ಕೆಲವು ಸಲ ಬಿಡುವವರು ಅವರಲ್ಲ, ಮನೆಯವರು. ಆಗಲೇ ಹೇಳಿದೆನಲ್ಲ, ಡಾರ್ವಿನ್‌ನ ಆತ್ಮಕಥೆ. ಅವನು ಸತ್ತ ಮೇಲೆ 1887ರಲ್ಲಿ ಅಚ್ಚಾಯಿತು. ಧರ್ಮದ ಬಗ್ಗೆ ಅವನು ಬರೆದಿದ್ದ ಖಾರವಾದ ಮಾತುಗಳನ್ನು ಮನೆಯವರು ತೆಗೆಸಿದ್ದರು. ಮೊಮ್ಮಗಳು ನೋರಾ ಬಾರ್ಲೋ ಅವನ್ನೆಲ್ಲ ಮತ್ತೆ ಸೇರಿಸಿ ಪ್ರಕಟಿಸಿದ್ದು 1958ರಲ್ಲಿ. ಅಂದರೆ 71 ವರ್ಷ ಓದುಗರು ಮೆಚ್ಚಿದ ಡಾರ್ವಿನ್ ಸ್ವಲ್ಪ ಮೆತ್ತಗಾದ ಡಾರ್ವಿನ್.

"ಈ ಪುಸ್ತಕ ನನ್ನ ಬದುಕನ್ನೇ ಬದಲಿಸಿತು" ಅನ್ನುವ ಮಾತು ಆಗಾಗ ಕೇಳುತ್ತೇವೆ. ನಿಜ ಹೇಳಬೇಕಂದರೆ, ನನಗೆ ಅಷ್ಟು ಬೇಗ ನಂಬಿಕೆ ಬರುವುದಿಲ್ಲ. ಗಾಂಧೀಜಿ ಹೇಳಿದ್ದನ್ನು ಮಾತ್ರ ನಂಬುತ್ತೇನೆ. 1904ರಲ್ಲಿ ಜೊಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ರೈಲು ಹತ್ತುವಾಗ ಗೆಳೆಯ ಪೋಲಕ್ ಗಾಂಧೀಜಿಯ ಕೈಗೆ ಇಂಗ್ಲಿಷ್ ಲೇಖಕ ರಸ್ಕಿನ್‌ನ ಒಂದು ಪುಸ್ತಕ ಕೊಟ್ಟರು. ಹಿಡಿದದ್ದನ್ನು ಕೆಳಗಿಡಲಾಗಲಿಲ್ಲ, ಆ ರಾತ್ರಿ ನಿದ್ದೆ ಬರಲಿಲ್ಲ. ಪುಸ್ತಕ ಹೇಳಿದಂತೆ ಬದುಕಲು ಅದೇ ವರ್ಷ ಡರ್ಬನ್ ಹತ್ತಿರ ಜಮೀನು ಕೊಂಡು ಫೀನಿಕ್ಸ್ ಆಶ್ರಮ ಕಟ್ಟಿದರು.

ಇನ್ನು ಇಷ್ಟ ಆಗದ ಪುಸ್ತಕಗಳು. ಇದರಲ್ಲಿ ನಮ್ಮದು ತೀರಾ ದಾಕ್ಷಿಣ್ಯ. ಎಲ್ಲರೂ ಹೊಗಳುವ ಪುಸ್ತಕ ನಮಗೆ ಹಿಡಿಸದಿದ್ದರೆ ತಲೆ ಆಡಿಸಿ ಸುಮ್ಮನಾಗುತ್ತೇವೆ. ಇಲ್ಲವೇ ಬೈದುಬಿಡುತ್ತೇವೆ, ಕಾರಣ ಕೊಡುವುದಿಲ್ಲ. ಟಾಲ್‌ಸ್ಟಾಯ್ ಹಾಗೆ ಮಾಡಲಿಲ್ಲ. ಅವರಿಗೆ ಷೇಕ್ಸ್‌ಪಿಯರ್ ಸೇರಲೇ ಇಲ್ಲ. ತಮ್ಮದೇ ಏನಾದರೂ ಕೊರತೆಯೋ ಅಂತ ಅನುಮಾನ. ರಷ್ಯನ್‌ನಲ್ಲಿ ಓದಿದರು, ಇಂಗ್ಲಿಷ್‌ನಲ್ಲಿ ಓದಿದರು, ಜರ್ಮನ್‌ನಲ್ಲೂ ಓದಿದರು. 75ರ ವಯಸ್ಸಿನಲ್ಲಿ ಕೊನೆಯದಾಗಿ ಒಂದು ಸಲ ಎಲ್ಲ ನಾಟಕಗಳನ್ನೂ ಮತ್ತೆ ಓದಿದರು. ಆಗಲೂ ಅದೇ ಬೇಸರ. ಆಮೇಲೆ ಬರೆದರು. 'ಕಿಂಗ್ ಲಿಯರ್' ನಾಟಕವನ್ನು ಮುಂದಿಟ್ಟುಕೊಂಡು, ದೃಶ್ಯದಿಂದ ದೃಶ್ಯಕ್ಕೆ, ಇಲ್ಲಿ ಇದು ಅಸಹಜ, ಇಲ್ಲಿ ಇದು ಅನಗತ್ಯ ಅಂತ ಬೆರಳಿಟ್ಟು ತೋರಿಸಿದರು. ಆ ಪ್ರಬಂಧ 1906ರಲ್ಲಿ ಬಂತು.

1947ರಲ್ಲಿ ಜಾರ್ಜ್ ಆರ್ವೆಲ್ ಅದಕ್ಕೆ ಉತ್ತರ ಬರೆದ. ಅವನ ಪ್ರಶ್ನೆ ಬಲು ಚೆನ್ನಾಗಿದೆ. ಅಷ್ಟೊಂದು ನಾಟಕಗಳಿರುವಾಗ ಟಾಲ್‌ಸ್ಟಾಯ್ ಬೈಯೋಕೆ ಲಿಯರನ್ನೇ ಯಾಕೆ ಹಿಡಿದುಕೊಂಡರು? ಲಿಯರ್ ರಾಜ್ಯ ಬಿಟ್ಟುಕೊಟ್ಟು, ಬಿಟ್ಟ ಮೇಲೂ ನೆಮ್ಮದಿ ಸಿಗದೆ ಅಲೆದ ಮುದುಕ. ಟಾಲ್‌ಸ್ಟಾಯ್ ಕೂಡ ಆಸ್ತಿ, ಹಕ್ಕು ಎಲ್ಲ ಬಿಡಲು ಹೊರಟವರು. ಅವರಿಗೂ ನೆಮ್ಮದಿ ಸಿಗಲಿಲ್ಲ. ಚುಚ್ಚಿದ್ದು ಆ ಹೋಲಿಕೆಯೇ ಇರಬೇಕು ಅನ್ನುತ್ತಾನೆ ಆರ್ವೆಲ್. ಜೊತೆಗೆ, ಷೇಕ್ಸ್‌ಪಿಯರ್‌ಗೆ ಇದರಿಂದ ಏನೂ ಆಗಲಿಲ್ಲ, ಆ ಪ್ರಬಂಧವನ್ನೇ ಈಗ ಯಾರೂ ಓದುವುದಿಲ್ಲ ಅಂತಲೂ ಸೇರಿಸುತ್ತಾನೆ.

ಆ ಕೊನೆಯ ಮಾತು ನನ್ನ ಮಟ್ಟಿಗೆ ನಿಜವಲ್ಲ. ಟಾಲ್‌ಸ್ಟಾಯ್ ತೀರ್ಪು ನನಗೆ ಒಪ್ಪಿಗೆ ಇಲ್ಲ, ಲಿಯರ್ ನನ್ನ ಮೆಚ್ಚಿನ ನಾಟಕ. ಆದರೂ ಲಿಯರ್ ಬಗ್ಗೆ ಬಂದಿರುವ ಎಷ್ಟೋ ಹೊಗಳಿಕೆಗಳನ್ನು ಅರ್ಧಕ್ಕೇ ಬಿಟ್ಟಿದ್ದೇನೆ. ಈ ಬೈಗುಳವನ್ನು ಮಾತ್ರ ಮತ್ತೆ ಮತ್ತೆ ತೆಗೆದು ಓದುತ್ತೇನೆ, ಪ್ರತಿ ದೃಶ್ಯಕ್ಕೂ ಅವರ ಜೊತೆ ಜಗಳ ಆಡುತ್ತಾ.

ನನಗೆ ಕೊಟ್ಟ ಸಮಯ ಮುಗಿಯಿತು. ನಮಸ್ಕಾರ.